ಮಕ್ಕಳ ಪರವಾಗಿಯೂ ವಿಧಾನಸೌಧದ ಮೆಟ್ಟಿಲು ಹತ್ತಿ: ನಾಡಿನ ಧರ್ಮಗುರುಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಠಗಳ ಜಗದ್ಗುರುಗಳಿಗೆ ಮತ್ತು ಸ್ವಾಮೀಜಿಯವರಿಗೆ, ಧರ್ಮಪ್ರಾಂತ್ಯಗಳ ಬಿಷಪರಿಗೆ ಮತ್ತು ಸಭಾಪಾಲಕರಿಗೆ, ಮಸೀದಿ ಹಾಗೂ ದರ್ಗಾಗಳ ಹೊಣೆ ಹೊತ್ತ ಮೌಲಾನಾರಿಗೆ ಮತ್ತು ಸಜ್ಜಾದಾ ನಶೀನರಿಗೆ, ಜೈನ ಮಠಗಳ ಭಟ್ಟಾರಕರಿಗೆ, ಬುದ್ಧವಿಹಾರಗಳ ಭಂತೇಜಿಯವರಿಗೆ ಗೌರವಪೂರ್ವಕ ನಮಸ್ಕಾರಗಳು.

ಪೂಜ್ಯರೇ,

ಈ ಪತ್ರವನ್ನು ಮುಖ್ಯಮಂತ್ರಿಗಳಿಗಾಗಲೀ ಇಲಾಖೆಯ ಕಾರ್ಯದರ್ಶಿಗಳಿಗಾಗಲೀ ಬರೆಯದೆ ತಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನ್ನಂಥವಳ ಮನವಿ ಕಚೇರಿಯ ಟಪಾಲಿನಲ್ಲಿ ಸೇರಿ ಕಡತವಾಗುತ್ತದೆ. ತಾವು ಒಂದು ಸಮಾವೇಶದಲ್ಲಿ ಆಡಿದ ಮಾತಿಗೆ ಪಕ್ಷಭೇದವಿಲ್ಲದೆ ಶಾಸಕರು ಕಿವಿಗೊಡುತ್ತಾರೆ, ಸಚಿವರು ತಮ್ಮ ಸನ್ನಿಧಿಗೆ ಬಂದು ಉತ್ತರ ಹೇಳುತ್ತಾರೆ. ಆ ಮಾತನ್ನು ಈ ನಾಡಿನ ಮಕ್ಕಳಿಗಾಗಿ ಮತ್ತು ಬಡ ಕುಟುಂಬಗಳಿಗಾಗಿ, ಅದೂ ಕಾಯ್ದೆ ಮತ್ತು ಆಯವ್ಯಯ ರೂಪುಗೊಳ್ಳುವ ಹೊತ್ತಿಗೆ, ಎಲ್ಲ ಧರ್ಮಗಳವರೂ ಒಟ್ಟಾಗಿ ಆಡಬೇಕೆಂದು ಕೇಳಿಕೊಳ್ಳುವುದೇ ನನ್ನ ಉದ್ದೇಶ.

ತಾವು ಮಕ್ಕಳಿಗೆ ಏನೂ ಮಾಡಿಲ್ಲವೆಂದು ಹೇಳುವ ಧೈರ್ಯ ಕರ್ನಾಟಕದಲ್ಲಿ ಯಾರಿಗೂ ಇರಲಾರದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾದಾಗ ಆ ಮಠದಲ್ಲಿ ಓದಿದವರು ರಾಜ್ಯದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಕಣ್ಣೀರು ಹಾಕಿದರು. ಸುತ್ತೂರು, ಆದಿಚುಂಚನಗಿರಿಯಂಥ ಮಠಗಳ ಶಾಲೆಗಳು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹಾಕಿಕೊಟ್ಟ ಶಿಕ್ಷಣದ ಹಾದಿ, ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾದ ಆಶ್ರಯದಲ್ಲಿ ಬೆಳೆದ ಶಿಕ್ಷಣ ಸಂಸ್ಥೆಗಳು, ಇವೆಲ್ಲವೂ ಸರ್ಕಾರ ಮುಟ್ಟದ ಎಡೆಯಲ್ಲಿ ಅಕ್ಷರವನ್ನು ತಲುಪಿಸಿವೆ. ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕುಡಿತವೇ ಮೊದಲಾದ ದುಶ್ಚಟಗಳನ್ನು ಭಿಕ್ಷೆ ಬೇಡಿದಾಗ ಅದರ ಲಾಭ ಮೊದಲು ಸಿಕ್ಕಿದ್ದು ಆ ಮನೆಗಳ ಮಕ್ಕಳಿಗೆ. ಆದರೆ ದಾಸೋಹಕ್ಕೆ ಒಂದು ಮಿತಿಯಿದೆ. ಅದು ಬಾಗಿಲಿಗೆ ಬಂದವರನ್ನು ತಲುಪುತ್ತದೆ. ಬಾಗಿಲಿಗೆ ಬರಲಾಗದ ಮಗು, ಬಾಗಿಲು ಎಲ್ಲಿದೆಯೆಂದೇ ತಿಳಿಯದ ತಾಯಿ, ಕಬ್ಬಿನ ಗದ್ದೆಗೋ ಇಟ್ಟಿಗೆ ಭಟ್ಟಿಗೋ ಗುಳೆ ಹೋದ ಕುಟುಂಬ, ಇವರನ್ನು ತಲುಪಬಲ್ಲದ್ದು ಕಾಯ್ದೆ ಮಾತ್ರ. ಏಕೆಂದರೆ ಕಾಯ್ದೆಯಲ್ಲಿ ಬರೆದ ಹಕ್ಕನ್ನು ಕೇಳಲು ಯಾರ ಕೃಪೆಯೂ ಬೇಕಾಗಿಲ್ಲ.

ವಿಧಾನಸೌಧದ ದಾರಿ ತಮಗೆ ಹೊಸದೇನಲ್ಲ. 2021ರ ಆರಂಭದಲ್ಲಿ ಪಂಚಮಸಾಲಿ ಸಮುದಾಯದ ಮೀಸಲಾತಿಗಾಗಿ ಕೂಡಲಸಂಗಮದಿಂದ ಬೆಂಗಳೂರಿನವರೆಗೆ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಪಾದಯಾತ್ರೆ ನಡೆಯಿತು. 2022ರಲ್ಲಿ ವಾಲ್ಮೀಕಿ ಗುರುಪೀಠದ ಸ್ವಾಮೀಜಿಯವರು ಫ್ರೀಡಂ ಪಾರ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಧರಣಿ ಕುಳಿತರು. ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇಕಡ 3ರಿಂದ 7ಕ್ಕೂ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇಕಡ 15ರಿಂದ 17ಕ್ಕೂ ಏರಿಸುವ ಕಾನೂನು ಅದೇ ವರ್ಷ ಬಂತು. ಕಾವಿ ತೊಟ್ಟವರೊಬ್ಬರು ಬಿಸಿಲು ಮಳೆ ಎನ್ನದೆ ಒಂದೇ ಬೇಡಿಕೆ ಹಿಡಿದು ಕುಳಿತರೆ ಕಾನೂನಿನ ಅಕ್ಷರ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಆ ಬೇಡಿಕೆಗಳು ಆಯಾ ಸಮುದಾಯಗಳಿಗೆ ನ್ಯಾಯವಾದವುಗಳೇ. ನಾನು ಕೇಳುವುದಿಷ್ಟೆ: ಯಾವ ಸಮುದಾಯದ ಹೆಸರಿನಲ್ಲಿಯೂ ಪ್ರತ್ಯೇಕವಾಗಿ ಬರೆದಿಲ್ಲದ, ಮತದಾನದ ಹಕ್ಕಿಲ್ಲದ, ಸಮಾವೇಶ ಕಟ್ಟಲಾರದ ಮಕ್ಕಳಿಗಾಗಿ ಅಂಥ ಧರಣಿ ಇನ್ನೂ ಏಕೆ ನಡೆದಿಲ್ಲ?

ನಮ್ಮ ನೆಲದ ಚರಿತ್ರೆಯಲ್ಲಿ ಮಕ್ಕಳ ಕಾನೂನುಗಳ ಎದುರು ಧರ್ಮದ ಹೆಸರು ಹಲವು ಬಾರಿ ಅಡ್ಡ ನಿಂತಿದೆ ಎಂಬುದನ್ನು ಮರೆಮಾಚಬಾರದು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿದಾಗ, ಇಷ್ಟು ಸಣ್ಣ ಹೆಜ್ಜೆಗೂ ಶಾಸ್ತ್ರದ ಆಧಾರದಲ್ಲಿ ವಿರೋಧ ಬಂದಿತ್ತು. 1909ರಲ್ಲಿ ಅದೇ ಸಂಸ್ಥಾನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವುದನ್ನು ರಾಜ್ಯದಾದ್ಯಂತ ಅಪರಾಧವೆಂದು ಸಾರಲು 1982ರ ಕಾಯ್ದೆ ಬರಬೇಕಾಯಿತು. ಧರ್ಮಪೀಠದ ಕಡೆಯಿಂದ ಮೊದಲ ಮಾತು ಬಂದಿದ್ದರೆ ಈ ಎಪ್ಪತ್ತಮೂರು ವರ್ಷಗಳ ಅಂತರ ಎಷ್ಟು ಕಿರಿದಾಗುತ್ತಿತ್ತೋ ಎಂದು ನನಗೆ ಅನ್ನಿಸುತ್ತದೆ.

ಬೇರೆಡೆ ಹೀಗೆ ಮೊದಲ ಮಾತು ಬಂದದ್ದೂ ಉಂಟು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹತ್ತಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗಾಗಿ 1901ರಲ್ಲಿ ಸಮಿತಿ ಕಟ್ಟಿದವರು ಎಡ್ಗರ್ ಗಾರ್ಡನರ್ ಮರ್ಫಿ ಎಂಬ ಪಾದ್ರಿ. ಅವರು ತಮ್ಮ ರಾಜ್ಯದ ಶಾಸಕಾಂಗವನ್ನೇ ನೇರವಾಗಿ ಒತ್ತಾಯಿಸಿದರು, ಗಿರಣಿಯ ಒಡೆಯರ ಅಸಮಾಧಾನವನ್ನು ಎದುರಿಸಿದರು. 1903ರಲ್ಲಿ ಅಲ್ಲಿ ಬಾಲಕಾರ್ಮಿಕ ಕಾನೂನು ಬಂತು, ಮರುವರ್ಷ ರಾಷ್ಟ್ರಮಟ್ಟದ ಸಮಿತಿಯೊಂದು ಹುಟ್ಟಿತು. ಆ ಕಾನೂನು ಪೂರ್ಣವಾಗಿರಲಿಲ್ಲ, ಆದರೆ ಒಬ್ಬ ಧರ್ಮಗುರು ಪ್ರಾರ್ಥನಾ ಮಂದಿರದಿಂದ ಶಾಸನಸಭೆಗೆ ನಡೆದದ್ದರಿಂದ ಅದು ಸಾಧ್ಯವಾಯಿತು.

ಈಗ ನಮ್ಮ ರಾಜ್ಯದ ಮಾತಿಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗಿನ ಮಗುವಿನ ಕೈ ಹಿಡಿಯುತ್ತದೆ. ಆರಕ್ಕೆ ಮೊದಲು ಮತ್ತು ಹದಿನಾಲ್ಕರ ನಂತರ ಆ ಕೈ ಇಲ್ಲ. ಬಡ ಮನೆಯ ಮಗುವಿಗೆ ಅತಿ ದೊಡ್ಡ ಹಾನಿ ಆಗುವುದು ಈ ಎರಡು ತುದಿಗಳಲ್ಲಿಯೇ. ಮೊದಲ ತುದಿಯಲ್ಲಿ ಹಸಿವು ಕಾದಿರುತ್ತದೆ, ಎರಡನೆಯ ತುದಿಯಲ್ಲಿ ಮದುವೆ ಮತ್ತು ಕೂಲಿ ಕಾದಿರುತ್ತವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡ 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಒಬ್ಬರು ಕುಗ್ಗಿದ ಮೈಯವರು ಎಂದರ್ಥ. ಒಂದನೇ ತರಗತಿಗೆ ಬಂದ ಮಗು ಅಕ್ಷರ ಹಿಡಿಯುತ್ತಿಲ್ಲವೆಂದು ಶಿಕ್ಷಕರು ಬೇಸರಪಡುವ ಹೊತ್ತಿಗೆ ಆ ಮಗುವಿನ ಬೆಳವಣಿಗೆಯ ಅತಿ ಮುಖ್ಯ ವರ್ಷಗಳು ಮುಗಿದೇ ಹೋಗಿರುತ್ತವೆ. ತರಗತಿಯಲ್ಲಿ ನಿಂತು ಇದನ್ನು ವರ್ಷವರ್ಷವೂ ನೋಡಿದವಳು ನಾನು.

ಈ ವಿಷಯದಲ್ಲಿ ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎನ್ನಲಾರೆ. 1975ರಲ್ಲಿ ದೇಶದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗಳಲ್ಲಿ ಒಂದು ನಮ್ಮ ತಿ. ನರಸೀಪುರದಲ್ಲಿಯೇ ಆರಂಭವಾಯಿತು. ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡುವ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯವ್ಯಾಪಿಯಾಯಿತು. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ, 2023ರ ಆಯವ್ಯಯದಲ್ಲಿ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ. ಇವೆಲ್ಲ ಒಳ್ಳೆಯ ಯೋಜನೆಗಳು. ಆದರೆ ಯೋಜನೆಯನ್ನು ಒಂದು ಸರ್ಕಾರ ತಂದರೆ ಇನ್ನೊಂದು ಸರ್ಕಾರ ಹೆಸರು ಬದಲಿಸಬಹುದು, ಹಣ ಕಡಿತಗೊಳಿಸಬಹುದು, ಸದ್ದಿಲ್ಲದೆ ನಿಲ್ಲಿಸಲೂಬಹುದು. ಕಾಯ್ದೆಯಲ್ಲಿ ಇರುವುದನ್ನು ಅಷ್ಟು ಸುಲಭವಾಗಿ ತೆಗೆಯಲಾಗದು, ಆದರೂ ಕಾವಲಿಲ್ಲದಿದ್ದರೆ ಅದೂ ಸವೆಯುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆ ಸಿಗಬೇಕೆಂದಿತು. 2017ರಲ್ಲಿ ಜಾರಿಗೆ ಬಂದ ಯೋಜನೆ ಮೊದಲ ಮಗುವಿಗೆ ಮಾತ್ರ, ಅದೂ 5,000 ರೂಪಾಯಿ ಎಂದಿತು. ಬಿಸಿಯೂಟದ ಸಾಮಗ್ರಿಗೆಂದು ಕೇಂದ್ರ ನಿಗದಿ ಮಾಡಿದ ವೆಚ್ಚ 2025ರ ಮೇ ತಿಂಗಳಿನಿಂದ ಒಂದು ಊಟಕ್ಕೆ ಕಿರಿಯ ಪ್ರಾಥಮಿಕದಲ್ಲಿ 6.78 ರೂಪಾಯಿ, ಹಿರಿಯ ಪ್ರಾಥಮಿಕದಲ್ಲಿ 10.17 ರೂಪಾಯಿ. ಬೇಳೆ, ಎಣ್ಣೆ, ತರಕಾರಿ ಎಲ್ಲವೂ ಇದರಲ್ಲಿಯೇ ಆಗಬೇಕು. ದಿನವೂ ಸಾವಿರಾರು ಜನರಿಗೆ ಅಡುಗೆ ಮಾಡಿಸುವ ತಮ್ಮ ದಾಸೋಹದ ಉಗ್ರಾಣಿಗಳನ್ನು ಕರೆದು ಈ ಹಣದಲ್ಲಿ ಏನು ಬೇಯಿಸಬಹುದೆಂದು ದಯವಿಟ್ಟು ಒಮ್ಮೆ ಕೇಳಿನೋಡಿ. ಈ ದರವನ್ನು ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ತಾನಾಗಿಯೇ ಹೆಚ್ಚಿಸಿ ರಾಜ್ಯದ ಪಾಲನ್ನು ತುಂಬಿಕೊಡುವ ನಿಯಮವನ್ನು ಮಾಡಿಸುವುದಕ್ಕೆ ತಮಗಿಂತ ಅರ್ಹವಾದ ದನಿ ಬೇರೊಂದಿಲ್ಲ.

ಮೊಟ್ಟೆಯ ವಿಷಯವನ್ನು ಎತ್ತದೆ ಮುಂದೆ ಹೋದರೆ ಅದು ಪ್ರಾಮಾಣಿಕತೆ ಆಗುವುದಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ತಮ್ಮಲ್ಲಿ ಕೆಲವರು ತೀವ್ರವಾಗಿ ವಿರೋಧಿಸಿದಿರಿ. ಸಸ್ಯಾಹಾರ ತಮಗೆ ವ್ರತ, ನಂಬಿಕೆ, ಅಹಿಂಸೆಯ ಆಚರಣೆ. ಅದನ್ನು ನಾನು ಗೌರವಿಸುತ್ತೇನೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಮೊದಲ ದಿನದಿಂದಲೇ ಇತ್ತು, ಅದು ಇರಲೇಬೇಕು, ಯಾವ ಮಗುವಿನ ತಟ್ಟೆಗೂ ಬಲವಂತವಾಗಿ ಏನನ್ನೂ ಬಡಿಸಬಾರದು. ಆದರೆ ಮನೆಯಲ್ಲಿ ಮೊಟ್ಟೆ ತಿನ್ನುವ, ಆದರೆ ಕೊಳ್ಳಲು ಶಕ್ತಿಯಿಲ್ಲದ ಮಗುವಿಗೆ ಶಾಲೆಯಲ್ಲಿ ಸಿಗುವುದನ್ನು ತಪ್ಪಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳು ಸಿಗದಿದ್ದ ಗದಗಿನ ಮಕ್ಕಳಿಗಿಂತ ಹೆಚ್ಚು ತೂಕ ಪಡೆದದ್ದು ಕಂಡುಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದಲ್ಲಿ ಆರು ದಿನ ಕೊಡುವವರೆಗೆ ಯೋಜನೆ ಬೆಳೆಯಿತು. ದಾನಿಯ ಒಪ್ಪಂದಕ್ಕೆ ಒಂದು ಅವಧಿ ಇರುತ್ತದೆ. ಅದು ಮುಗಿದ ಮೇಲೂ ಮಕ್ಕಳ ತಟ್ಟೆಯಲ್ಲಿ ಪೌಷ್ಟಿಕ ಆಹಾರ ಉಳಿಯಬೇಕೆಂದು, ಅವರವರ ಮನೆಯ ಪದ್ಧತಿಗೆ ತಕ್ಕ ಆಯ್ಕೆಯೊಂದಿಗೆ ಉಳಿಯಬೇಕೆಂದು, ಅಂದು ವಿರೋಧಿಸಿದ ಪೂಜ್ಯರೇ ಇಂದು ಹೇಳಿದರೆ ಈ ನಾಡಿನಲ್ಲಿ ಅದಕ್ಕೆ ಎದುರಾಡುವವರು ಉಳಿಯುವುದಿಲ್ಲ.

ಇನ್ನು ಎರಡನೆಯ ತುದಿ. ಅದೇ ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಕಾನೂನು ಇಲ್ಲದೆ ಹೀಗಾಗಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ 2016ರ ತಿದ್ದುಪಡಿ ತಂದು, ಇಲ್ಲಿ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧುವೆಂದು ಸಾರಿದ ರಾಜ್ಯ ಕರ್ನಾಟಕ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಈ ಹೆಜ್ಜೆಯನ್ನು ಮೆಚ್ಚಿ ಇತರ ರಾಜ್ಯಗಳೂ ಅನುಸರಿಸಲಿ ಎಂದಿತು. ಕೇಂದ್ರದ 2006ರ ಕಾಯ್ದೆಯಂತೆ ಬಾಲ್ಯವಿವಾಹವನ್ನು ನಡೆಸಿಕೊಡುವವರಿಗೆ ಎರಡು ವರ್ಷದವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹಗಳನ್ನು ತಡೆಯಲು ಜಿಲ್ಲಾಧಿಕಾರಿಗೇ ವಿಶೇಷ ಹೊಣೆಯನ್ನು ಆ ಕಾಯ್ದೆ ಹೊರಿಸಿದೆ. ಒಂದು ಪುಣ್ಯತಿಥಿಯನ್ನು ಹೆಸರಿಸಿ ಎಚ್ಚರಿಕೆಯಿಂದಿರಿ ಎಂದು ಶಾಸನವೇ ಹೇಳಬೇಕಾದ ಸ್ಥಿತಿ ಬಂದಿರುವುದು ಆ ತಿಥಿಯನ್ನು ಆಚರಿಸುವ ನಮ್ಮೆಲ್ಲರಿಗೂ ನೋವಿನ ಸಂಗತಿಯಾಗಬೇಕು.

ಕಾನೂನಿದ್ದೂ ಮದುವೆಗಳು ಏಕೆ ನಡೆಯುತ್ತವೆ ಎಂಬುದನ್ನು ಹಳ್ಳಿಯ ಶಾಲೆಯಲ್ಲಿ ದುಡಿದವರು ಬಲ್ಲರು. ದೀಪಾವಳಿ ಕಳೆಯುತ್ತಿದ್ದಂತೆ ಕುಟುಂಬ ಗುಳೆ ಹೊರಡಬೇಕು. ಎಂಟನೇ ತರಗತಿ ಮುಗಿಸಿದ ಹುಡುಗಿಯನ್ನು ಯಾರ ಭರವಸೆಯ ಮೇಲೆ ಊರಿನಲ್ಲಿ ಬಿಟ್ಟು ಹೋಗುವುದು? ಹೈಸ್ಕೂಲು ದೂರ, ಬಸ್ಸಿಲ್ಲ, ಅಜ್ಜಿಗೆ ಕಣ್ಣು ಕಾಣದು. ಜೊತೆಗೆ ಕರೆದೊಯ್ದರೆ ಜೋಪಡಿಯಲ್ಲಿ ಬಾಗಿಲೇ ಇಲ್ಲ. ಹಾಗಾಗಿ ಒಂದು ಗಂಡು ನೋಡಿ ಮುಗಿಸಿಬಿಡುತ್ತಾರೆ. ಆ ತಂದೆ ತಾಯಿಯನ್ನು ಕ್ರೂರಿಗಳೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಅವರಿಗೆ ಬೇರೆ ದಾರಿಯನ್ನು ನಾವು ಕೊಟ್ಟಿಲ್ಲ. ದಂಡನೆಯ ಕಾನೂನೊಂದೇ ಇದ್ದರೆ ಮದುವೆ ಗುಟ್ಟಾಗಿ ಪಕ್ಕದ ರಾಜ್ಯದಲ್ಲಿ ನಡೆಯುತ್ತದೆ. ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣವನ್ನು ರಾಜ್ಯ ಶಾಸನದ ಮೂಲಕ ಹಕ್ಕಾಗಿಸಿ, ಅದರೊಳಗೆಯೇ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಹಂಗಾಮಿನ ವಸತಿ ನಿಲಯ, ಹೈಸ್ಕೂಲಿಗೆ ಹೋಗಿ ಬರುವ ಸಾರಿಗೆ, ಇವನ್ನು ಸರ್ಕಾರದ ಕರ್ತವ್ಯವೆಂದು ಬರೆದರೆ ಮಾತ್ರ ಆ ಹುಡುಗಿ ಒಂಬತ್ತನೇ ತರಗತಿಗೆ ಬರುತ್ತಾಳೆ. ಶಿಕ್ಷಣವು ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಇಂಥ ಕಾಯ್ದೆಗೆ ನಮ್ಮ ವಿಧಾನಮಂಡಲ ದೆಹಲಿಯ ದಾರಿ ಕಾಯಬೇಕಾಗಿಲ್ಲ. ಆರರೊಳಗಿನ ಮಗುವಿನ ಆರೈಕೆ ಮತ್ತು ಕಲಿಕೆಯನ್ನೂ ಇದೇ ಶಾಸನದಲ್ಲಿ ಸೇರಿಸಬಹುದು. ಸಂವಿಧಾನದ 45ನೇ ವಿಧಿ ಅದನ್ನು ರಾಜ್ಯದ ಪ್ರಯತ್ನಕ್ಕೆ ಬಿಟ್ಟಿದೆ, ಪ್ರಯತ್ನವನ್ನು ಹಕ್ಕಾಗಿಸಬಾರದೆಂದು ಎಲ್ಲಿಯೂ ಹೇಳಿಲ್ಲ.

ಇದನ್ನು ಕೇಳಲು ಹೊರಡುವ ಮುನ್ನ ತಮ್ಮದೇ ಸಂಸ್ಥೆಗಳ ಅಂಗಳವನ್ನು ನೋಡಿಕೊಳ್ಳಬೇಕೆಂದು ವಿನಯದಿಂದ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಒಂದನೇ ತರಗತಿಯ ಕಾಲುಭಾಗ ಸೀಟುಗಳನ್ನು ಬಡ ಮಕ್ಕಳಿಗೆ ಕೊಡಬೇಕಿತ್ತು. 2014ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ತೀರ್ಪು ಕೊಟ್ಟಿತು. 2019ರಲ್ಲಿ ರಾಜ್ಯವು ನಿಯಮ ಬದಲಿಸಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದಿತು. ಹೀಗೆ ಮಠದ ಶಾಲೆ, ಚರ್ಚಿನ ಶಾಲೆ, ಟ್ರಸ್ಟಿನ ಶಾಲೆ ಬಹುಪಾಲು ಬಿಡುಗಡೆ ಪಡೆದವು. ಕಾನೂನು ಬಿಟ್ಟುಕೊಟ್ಟದ್ದನ್ನು ಧರ್ಮ ಬಿಡಬೇಕಾಗಿಲ್ಲ. ಆ ಕಾಲುಭಾಗವನ್ನು ತಮ್ಮ ಸಂಸ್ಥೆಗಳು ಸ್ವಇಚ್ಛೆಯಿಂದ ಕೊಟ್ಟ ದಿನ ಶಾಸಕರ ಎದುರು ತಮ್ಮ ಮಾತಿನ ತೂಕ ಇಮ್ಮಡಿಯಾಗುತ್ತದೆ. ಹಾಗೆಯೇ ಧಾರ್ಮಿಕ ಸಂಸ್ಥೆಗಳು ನಡೆಸುವ ವಸತಿ ನಿಲಯಗಳು ಮತ್ತು ಮಕ್ಕಳ ಮನೆಗಳು 2015ರ ಬಾಲನ್ಯಾಯ ಕಾಯ್ದೆ ಮತ್ತು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಗಳಿಗೆ ಸಂಪೂರ್ಣವಾಗಿ ಒಳಪಡಲಿ, ಹೊರಗಿನವರ ಪರಿಶೀಲನೆಗೆ ಬಾಗಿಲು ತೆರೆದಿರಲಿ, ಮಗು ದೂರು ಹೇಳಿದಾಗ ಪೀಠದ ಗೌರವಕ್ಕಿಂತ ಮಗುವಿನ ಮಾತು ದೊಡ್ಡದಾಗಲಿ. ಈ ವಿಷಯದಲ್ಲಿ ರಿಯಾಯಿತಿ ಕೇಳಿದವರಿಗೆ ಮಕ್ಕಳ ಪರವಾಗಿ ಮಾತಾಡುವ ಅಧಿಕಾರ ಉಳಿಯದು.

ಧರ್ಮಗುರುಗಳು ಶಾಸನದ ವಿಷಯಕ್ಕೆ ಕೈಹಾಕುವುದು ಸರಿಯೇ ಎಂದು ಕೇಳುವವರಿದ್ದಾರೆ, ಅವರ ಆತಂಕ ಹುರುಳಿಲ್ಲದ್ದಲ್ಲ. ಯಾರು ಸಚಿವರಾಗಬೇಕು, ಯಾವ ಪಕ್ಷಕ್ಕೆ ಮತ ಹಾಕಬೇಕು ಎಂದು ಪೀಠದಿಂದ ಹೇಳುವುದು ಪ್ರಜಾಪ್ರಭುತ್ವಕ್ಕೂ ಪೀಠಕ್ಕೂ ಒಳ್ಳೆಯದಲ್ಲವೆಂದೇ ನನ್ನ ನಂಬಿಕೆ. ಹಸಿದ ಮಗುವಿನ ಪರವಾಗಿ, ಎಲ್ಲ ಮತಗಳವರೂ ಒಪ್ಪುವ ಬೇಡಿಕೆಯನ್ನು ಬಹಿರಂಗವಾಗಿ, ಕಾರಣ ಸಹಿತ ಸದನದ ಮುಂದಿಡುವುದು ಬೇರೆ. ಅದರಿಂದ ಒಂದು ಸಮುದಾಯಕ್ಕೆ ಲಾಭವಾಗಿ ಇನ್ನೊಂದಕ್ಕೆ ನಷ್ಟವಾಗುವುದಿಲ್ಲ.

ಅದಕ್ಕೆ ದಾರಿಗಳಿವೆ. ವಿಧಾನಸಭೆ ಮತ್ತು ವಿಧಾನ ಪರಿಷತ್ತು ಎರಡರಲ್ಲಿಯೂ ಅರ್ಜಿಗಳ ಸಮಿತಿಯಿದೆ, ನಾಗರಿಕರು ಅಲ್ಲಿಗೆ ಅರ್ಜಿ ಕೊಡಬಹುದು. 2020-21ರಿಂದ ರಾಜ್ಯ ಸರ್ಕಾರ ಮಕ್ಕಳ ಆಯವ್ಯಯವನ್ನು ಪ್ರತ್ಯೇಕ ಪುಸ್ತಕವಾಗಿ ಸದನಕ್ಕೆ ಕೊಡುತ್ತಿದೆ. ಮಠಗಳಿಗೆ ಅನುದಾನ ಎಷ್ಟು ಬಂತೆಂದು ಪ್ರತಿ ವರ್ಷ ಪತ್ರಿಕೆಗಳು ಬರೆಯುತ್ತವೆ, ಆ ಪುಸ್ತಕವನ್ನು ಓದುವವರು ಮಾತ್ರ ವಿರಳ. ತಮ್ಮ ಸಂಸ್ಥೆಗಳಲ್ಲಿ ಅರ್ಥಶಾಸ್ತ್ರ ಮತ್ತು ಕಾನೂನು ಬೋಧಿಸುವ ಅಧ್ಯಾಪಕರಿದ್ದಾರೆ, ಅವರಿಂದ ಅದನ್ನು ಓದಿಸಿ, ಕೊಟ್ಟ ಮಾತಿಗೂ ಬಿಡುಗಡೆಯಾದ ಹಣಕ್ಕೂ ಇರುವ ಅಂತರವನ್ನು ಜಾತ್ರೆಯ ಧರ್ಮಸಭೆಯಲ್ಲಿ, ಭಾನುವಾರದ ಪ್ರಾರ್ಥನೆಯಲ್ಲಿ, ಶುಕ್ರವಾರದ ಖುತ್ಬಾದಲ್ಲಿ ಜನರಿಗೆ ತಿಳಿಸಬಹುದು. ಧರ್ಮಸಭೆಗೆ ಬರುವ ಶಾಸಕರನ್ನು ಸನ್ಮಾನಿಸುವುದರ ಜೊತೆಗೆ, ತಮ್ಮ ಕ್ಷೇತ್ರದ ಅಂಗನವಾಡಿಗಳ ಬಗ್ಗೆ ಕಳೆದ ಅಧಿವೇಶನದಲ್ಲಿ ಯಾವ ಪ್ರಶ್ನೆ ಕೇಳಿದಿರಿ ಎಂದು ವೇದಿಕೆಯ ಮೇಲೆಯೇ ವಿಚಾರಿಸಬಹುದು.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗ ಹೊರಗೆ ಹಲವು ಬೇಡಿಕೆಗಳ ಟೆಂಟುಗಳು ಏಳುತ್ತವೆ. ಮುಂದಿನ ಅಧಿವೇಶನದಲ್ಲಿ ಒಂದು ಟೆಂಟು ಮಕ್ಕಳದ್ದಾಗಿರಲಿ, ಅದರಡಿಯಲ್ಲಿ ಸ್ವಾಮೀಜಿ, ಬಿಷಪ್, ಮೌಲಾನಾ, ಭಟ್ಟಾರಕ, ಭಂತೇಜಿ ಒಂದೇ ಸಾಲಿನಲ್ಲಿ ಕುಳಿತಿರಲಿ. ಹದಿನೆಂಟು ವರ್ಷದವರೆಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣವನ್ನು ಹಕ್ಕಾಗಿಸುವ ಮಸೂದೆ, ಅದಕ್ಕೆ ಬೇಕಾದ ಹಣದ ಬಾಬ್ತು, ಬೆಲೆಗೆ ತಕ್ಕಂತೆ ಏರುವ ಊಟದ ವೆಚ್ಚ, ಇಷ್ಟನ್ನು ಬರೆದ ಒಂದೇ ಅರ್ಜಿಗೆ ತಾವೆಲ್ಲರೂ ರುಜು ಹಾಕಿ ಅರ್ಜಿಗಳ ಸಮಿತಿಗೆ ಒಪ್ಪಿಸಬೇಕು. ಕರಡು ತಯಾರಿಸಲು, ಅಂಕಿಅಂಶ ಹೊಂದಿಸಲು, ಹಳ್ಳಿಯ ಶಾಲೆ ಮತ್ತು ಅಂಗನವಾಡಿಗಳ ಸ್ಥಿತಿಯನ್ನು ಬರೆದುಕೊಡಲು ನನ್ನಂಥ ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು ತಾವು ಕರೆದ ದಿನ ಬರಲು ಸಿದ್ಧರಿದ್ದೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಕಲ್ಯಾಣ ಕರ್ನಾಟಕದ ಒಬ್ಬ ನಿವೃತ್ತ ಸರ್ಕಾರಿ ಶಾಲಾ ಶಿಕ್ಷಕಿ